ಮನೆಗಳ ನಡುವೆ ಟವರ್: ಒಂದು ಸಾಲಿನ ಆದೇಶದಿಂದ ನಾನು ಕಲಿತದ್ದು

ನಾನು ಒಂದು ಸ್ಥಳೀಯ ಸಂಸ್ಥೆಯ ಯೋಜನಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮನೆಗಳಿರುವ ಕಡೆ ಮೊಬೈಲ್ ಟವರ್ ಹಾಕಬೇಕು ಅಂತ ಅರ್ಜಿ ಬಂದರೆ ಆ ಕಡತ ಮೊದಲು ಬರುವುದು ನನ್ನ ಮೇಜಿಗೆ. ಇಷ್ಟು ವರ್ಷದಲ್ಲಿ ಸುಮಾರು ಟವರ್‌ಗಳನ್ನು ನೋಡಿದ್ದೇನೆ. ಮೊದಲನೆಯದು ಮಾತ್ರ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ತಪ್ಪು ಮಾಡಿದ್ದು ನಾನು, ಅನುಭವಿಸಿದ್ದು ಒಂದು ಮನೆಯವರು.

ಅದು 30 ಮೀಟರ್ ಎತ್ತರದ ಟವರ್. ಜಾಗ ಒಂದು ಖಾಲಿ ಸೈಟು, ಮೂರು ಕಡೆ ಮನೆ. ನೋಟಿಸ್ ಅಂಟಿಸಿದ ವಾರದಲ್ಲೇ ಆಕ್ಷೇಪಣೆಗಳ ರಾಶಿ ಬಿತ್ತು. ಸಭೆಯಲ್ಲಿ ಎದ್ದು ನಿಂತವರೆಲ್ಲ ಹೇಳಿದ್ದು ಒಂದೇ ಮಾತು, ರೇಡಿಯೇಷನ್. ಸಿಟ್ಟು ಜಾಸ್ತಿ ಇತ್ತು, ಅದಕ್ಕಿಂತ ಜಾಸ್ತಿ ಭಯ ಇತ್ತು. ಸಭೆ ಅರ್ಜಿಯನ್ನು ತಿರಸ್ಕರಿಸಿತು. ಆದೇಶ ಬರೆದವನು ನಾನು. 'ಸಾರ್ವಜನಿಕರ ವಿರೋಧ ಇರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಇಷ್ಟೇ. ಎಲ್ಲರೂ ಗೆದ್ದೆವು ಅಂದುಕೊಂಡು ಮನೆಗೆ ಹೋದರು.

ಕಂಪನಿ ಮೇಲ್ಮನವಿ ಹಾಕಿತು. ನಮ್ಮ ಆದೇಶ ನಿಲ್ಲಲಿಲ್ಲ. ವಿರೋಧ ಇದೆ ಅನ್ನುವುದು ಕಾರಣ ಆಗುವುದಿಲ್ಲ, ಯಾವ ನಿಯಮಕ್ಕೆ ವಿರುದ್ಧ ಅಂತ ಹೇಳಿ ಅಂತ ಮೇಲ್ಮನವಿ ಕೇಳಿದವರು ಅಂದರು. ನಮ್ಮ ಹತ್ತಿರ ಹೇಳೋಕೆ ನಿಯಮವೇ ಇರಲಿಲ್ಲ. ಟವರ್ ಅದೇ ಸೈಟಿನಲ್ಲಿ ಎದ್ದಿತು. ಇನ್ನೂ ನೋವಿನ ವಿಷಯ ಅಂದರೆ, ನಾವು ಒಂದೇ ಒಂದು ಷರತ್ತೂ ಹಾಕಿರಲಿಲ್ಲವಲ್ಲ, ಜನರೇಟರನ್ನು ತಮಗೆ ಅನುಕೂಲವಾದ ಮೂಲೆಯಲ್ಲಿ ಇಟ್ಟರು. ಆ ಮೂಲೆ ಹಿಂದಿನ ಮನೆಯ ಮಲಗುವ ಕೋಣೆಯ ಕಿಟಕಿಗೆ ಎರಡು ಮಾರು ದೂರ. ಕರೆಂಟ್ ಹೋದಾಗಲೆಲ್ಲ ಅದು ಶುರುವಾಗುತ್ತಿತ್ತು. ಆ ಮನೆಯವರು ಕಿಟಕಿಗೆ ಹಳೇ ಹಾಸಿಗೆ ಒರಗಿಸಿಕೊಂಡು ಮಲಗುತ್ತಿದ್ದರು. ನಾನು ಹೋಗಿ ನೋಡಿದೆ. ಹಾಸಿಗೆಯ ಮೇಲೆ ಕೈ ಇಟ್ಟರೆ ಕಂಪನ ಗೊತ್ತಾಗುತ್ತಿತ್ತು.

ಆಮೇಲೆ ಕೂತು ಓದಿದೆ. ವಿಕಿರಣದ ಮಿತಿ ಎಷ್ಟಿರಬೇಕು ಅನ್ನುವುದು ಬಹಳ ಕಡೆ ಸ್ಥಳೀಯ ಸಂಸ್ಥೆಯ ಕೈಯಲ್ಲಿಲ್ಲ. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆಯೇ ಇದನ್ನು ನೇರವಾಗಿ ಹೇಳಿದೆ: ಟವರ್ ಕೇಂದ್ರ ಸರ್ಕಾರ ಇಟ್ಟ ಮಿತಿಯೊಳಗೆ ಇದ್ದರೆ, ರೇಡಿಯೋ ಅಲೆಗಳ ಪರಿಣಾಮದ ಕಾರಣ ಕೊಟ್ಟು ಊರಿನ ಆಡಳಿತ ಅದನ್ನು ತಡೆಯುವಂತಿಲ್ಲ. ಅದೇ ಕಾಯ್ದೆಯಲ್ಲಿ, ತಿರಸ್ಕಾರ ಬರವಣಿಗೆಯಲ್ಲಿರಬೇಕು, ಅದಕ್ಕೆ ಕಡತದಲ್ಲಿ ಸಾಕಷ್ಟು ಸಾಕ್ಷ್ಯ ಇರಬೇಕು ಅಂತಲೂ ಇದೆ. ರಾಸ್‌ವೆಲ್ ಅನ್ನುವ ಊರು ಇಂಥದೇ ಒಂದು ಪ್ರಕರಣದಲ್ಲಿ 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಸೋತಿತು. ತಿರಸ್ಕಾರದ ಪತ್ರದಲ್ಲಿ ಕಾರಣ ಇರಲಿಲ್ಲ, ಕಾರಣಗಳಿದ್ದ ಸಭೆಯ ನಡಾವಳಿ ಕೆಲವು ವಾರ ತಡವಾಗಿ ಹೊರಬಂತು. ಅದನ್ನು ಓದುವಾಗ ನನ್ನ ಒಂದು ಸಾಲು ನೆನಪಾಗಿ ತುಂಬಾ ಸಂಕಟವಾಯಿತು. ಭಾರತದಲ್ಲೂ ಮಿತಿ ನಿಗದಿ ಮಾಡುವುದು ಕೇಂದ್ರದ ದೂರಸಂಪರ್ಕ ಇಲಾಖೆಯೇ.

ಹಾಗಂತ ಜನರ ಭಯವನ್ನು ಪಕ್ಕಕ್ಕೆ ತಳ್ಳಬಾರದು. ಕೇಳಿದವರಿಗೆ ನಾನು ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳುತ್ತೇನೆ. ಇಂಥ ಅಲೆಗಳಿಂದ ರಕ್ಷಣೆಗೆ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಸಮಿತಿಯಾದ ಐಸಿಎನ್‌ಐಆರ್‌ಪಿ ಸಾರ್ವಜನಿಕರಿಗೆ ಇಟ್ಟಿರುವ ಮಿತಿ 900 ಮೆಗಾಹರ್ಟ್ಸ್‌ಗೆ ಒಂದು ಚದರ ಮೀಟರಿಗೆ 4.5 ವ್ಯಾಟ್, 1800ಕ್ಕೆ 9 ವ್ಯಾಟ್. ಭಾರತ 2012ರ ಸೆಪ್ಟೆಂಬರ್‌ನಿಂದ ಅದರ ಹತ್ತನೇ ಒಂದು ಭಾಗವನ್ನು ಮಿತಿ ಮಾಡಿಕೊಂಡಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ಅಲೆಗಳನ್ನು 2ಬಿ ಗುಂಪಿಗೆ, ಅಂದರೆ 'ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇದೆ' ಅನ್ನುವ ಗುಂಪಿಗೆ ಸೇರಿಸಿದ್ದೂ ನಿಜ. ಅದಕ್ಕೆ ಮುಖ್ಯ ಆಧಾರ ಕಿವಿಗೆ ಒತ್ತಿ ಹಿಡಿದ ಫೋನಿನ ಅಧ್ಯಯನಗಳು, ದೂರದ ಟವರ್ ಅಲ್ಲ. ಇನ್ನೊಂದು ಮಾತು ಹೇಳಿದರೆ ಜನ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾರೆ. ಟವರ್ ದೂರ ಹೋದಷ್ಟೂ ಸಿಗ್ನಲ್ ಕಡಿಮೆ ಆಗುತ್ತದೆ, ಟವರನ್ನು ತಲುಪೋಕೆ ಕೈಯಲ್ಲಿರುವ ಫೋನೇ ಜಾಸ್ತಿ ಶಕ್ತಿ ಹಾಕಬೇಕಾಗುತ್ತದೆ.

ನಿಯಮ ಬರೆಯೋಕೆ ಕೂತಾಗ ನನ್ನ ಮೊದಲ ಕರಡಿನಲ್ಲಿ ಇದ್ದದ್ದು ದೂರದ ಲೆಕ್ಕ. ಮನೆ, ಶಾಲೆ, ಆಸ್ಪತ್ರೆಯಿಂದ ಇಷ್ಟು ಮೀಟರ್. ಕೇಳೋಕೆ ಚೆನ್ನಾಗಿದೆ ಅಲ್ವಾ? ನಕ್ಷೆ ಹರಡಿಕೊಂಡು ಪ್ರತಿಯೊಂದರ ಸುತ್ತ ವೃತ್ತ ಹಾಕುತ್ತಾ ಹೋದೆ. ಸಂಜೆ ಹೊತ್ತಿಗೆ ನಕ್ಷೆಯ ಅಂಚಿನಲ್ಲಿ ಎರಡು ತುಂಡು ಜಾಗ ಬಿಟ್ಟು ಏನೂ ಉಳಿದಿರಲಿಲ್ಲ. ಹೆಸರಿಗೆ ನಿಯಮ, ಕೆಲಸದಲ್ಲಿ ನಿಷೇಧ. ಮೇಲ್ಮನವಿಗೆ ಹೋದರೆ ಇದೂ ನಿಲ್ಲುವುದಿಲ್ಲ ಅಂತ ಗೊತ್ತಾಯಿತು.

ಅಲ್ಲದೆ ನೆಲದ ಮೇಲಿನ ದೂರ ಹೇಳುವುದು ಬಹಳ ಕಡಿಮೆ. ಆಂಟೆನಾದ ಅಲೆ ದೀಪದ ಹಾಗೆ ಎಲ್ಲ ಕಡೆ ಹರಡುವುದಿಲ್ಲ, ಟಾರ್ಚಿನ ಹಾಗೆ ಮುಂದಕ್ಕೆ ಹೋಗುತ್ತದೆ, ಸ್ವಲ್ಪವೇ ಕೆಳಕ್ಕೆ ಬಾಗಿರುತ್ತದೆ. 30 ಮೀಟರ್ ಮೇಲಿರುವ ಆಂಟೆನಾ 6 ಡಿಗ್ರಿ ಬಾಗಿದ್ದರೆ ಅದರ ನಡುಗೆರೆ ನೆಲ ಮುಟ್ಟುವುದು ಸುಮಾರು 285 ಮೀಟರ್ ಆಚೆ. ಟವರಿನ ಬುಡದಲ್ಲಿ ಅಲೆ ದುರ್ಬಲ. ನೋಡಬೇಕಾದದ್ದು ಎದುರಿಗೆ ಆಂಟೆನಾದಷ್ಟೇ ಎತ್ತರಕ್ಕಿರುವ ಮಹಡಿಯನ್ನು. ಅಳತೆಗಾರರನ್ನು ಕರೆಸಿ ಒಂದು ಟವರ್ ಕೆಳಗೂ ಎದುರಿನ ಕಟ್ಟಡದ ತಾರಸಿಯ ಮೇಲೂ ಮೀಟರ್ ಹಿಡಿಸಿದೆ. ಎರಡೂ ಮಿತಿಯೊಳಗೇ ಇದ್ದವು, ಆದರೆ ತಾರಸಿಯ ಸಂಖ್ಯೆ ಜಾಸ್ತಿ. ಆವತ್ತಿನಿಂದ ಅರ್ಜಿಯಲ್ಲಿ ಸುತ್ತಲಿನ ಕಟ್ಟಡಗಳ ಎತ್ತರ ಬರೆಯಲೇಬೇಕು, ಆಂಟೆನಾ ಯಾವ ದಿಕ್ಕಿಗೆ ಅಂತ ಬಾಣ ಹಾಕಿ ತೋರಿಸಲೇಬೇಕು ಅಂತ ಮಾಡಿದೆವು.

ವೃತ್ತಗಳನ್ನು ಬಿಟ್ಟು ಒಂದು ಸರದಿ ಇಟ್ಟುಕೊಂಡೆವು. ಮೊದಲು ಈಗಾಗಲೇ ನಿಂತಿರುವ ಟವರ್. ಅದು ಆಗದಿದ್ದರೆ ಅಂಗಡಿ, ಕಚೇರಿಗಳ ಜಾಗ, ಸರ್ಕಾರಿ ಕಟ್ಟಡ, ನೀರಿನ ಟ್ಯಾಂಕ್. ಆಮೇಲೆ ಎತ್ತರದ ಕಟ್ಟಡಗಳ ತಾರಸಿ. ಮನೆಗಳ ನಡುವಿನ ಸೈಟು ಕಟ್ಟಕಡೆಗೆ. ಕೆಳಗಿನ ಮೆಟ್ಟಿಲಿಗೆ ಬರಬೇಕಾದರೆ ಮೇಲಿನದು ಯಾಕೆ ಆಗಲಿಲ್ಲ ಅಂತ ಕಂಪನಿಯೇ ತೋರಿಸಬೇಕು. ಸುಮ್ನೆ 'ತಾಂತ್ರಿಕವಾಗಿ ಸಾಧ್ಯವಿಲ್ಲ' ಅಂದರೆ ಆಗುವುದಿಲ್ಲ. ಟವರ್ ಇಲ್ಲದಾಗ ಸಿಗ್ನಲ್ ಎಲ್ಲಿ ಎಷ್ಟು, ಬಂದ ಮೇಲೆ ಎಷ್ಟು, ಬೇರೆ ಜಾಗದಲ್ಲಿ ಹಾಕಿದರೆ ಎಷ್ಟು ಅಂತ ಮೂರು ನಕ್ಷೆ ಕೊಡಬೇಕು. ಬರೀ ಹಸಿರು ಕೆಂಪು ಬಣ್ಣ ಬಳಿದು ತಂದರೆ ವಾಪಸ್. ಯಾವ ಬಣ್ಣಕ್ಕೆ ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂತ ಪಕ್ಕದಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಎಂಥ ಜಾಗವನ್ನೂ ಕೆಂಪು ಮಾಡಿ ತೋರಿಸಬಹುದು.

ಬಲೂನಿನ ವಿಷಯ ನನಗೆ ತುಂಬಾ ಇಷ್ಟ. ಟವರ್ ಎಷ್ಟು ಎತ್ತರವೋ ಅಷ್ಟು ಉದ್ದದ ದಾರಕ್ಕೆ ದೊಡ್ಡ ಬಣ್ಣದ ಬಲೂನ್ ಕಟ್ಟಿ ಅದೇ ಜಾಗದಲ್ಲಿ ಹಾರಿಬಿಡುವುದು. ದಿನಾಂಕ ಮೊದಲೇ ಹೇಳಿರಬೇಕು. ಬೆಳಗ್ಗೆ ಬೇಗ, ಗಾಳಿ ಏಳುವ ಮುಂಚೆ ಮಾಡಬೇಕು, ಇಲ್ಲದಿದ್ದರೆ ಬಲೂನ್ ಪಕ್ಕಕ್ಕೆ ವಾಲಿ ಎತ್ತರ ಕಡಿಮೆ ಕಾಣುತ್ತದೆ. ಮೊದಲ ಸಲ ಮಾಡಿದಾಗ ನಾನು ಬೀದಿ ಬೀದಿ ಸುತ್ತಿ ಫೋಟೋ ತೆಗೆದೆ. ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, 'ಇಷ್ಟೇನಾ? ನಾನು ಆಕಾಶ ಮುಟ್ಟುತ್ತೆ ಅಂದ್ಕೊಂಡಿದ್ದೆ ಕಣಪ್ಪ' ಅಂದರು. ಮುಂದಿನ ಬೀದಿಯಲ್ಲಿ ಒಬ್ಬರು ನನ್ನನ್ನು ಒಳಗೆ ಕರೆದು ಅಡುಗೆಮನೆ ಕಿಟಕಿ ತೋರಿಸಿದರು. ಚೌಕಟ್ಟಿನ ಸರಿಯಾಗಿ ಮಧ್ಯಕ್ಕೆ ಬಲೂನ್ ನಿಂತಿತ್ತು. ಆ ಫೋಟೋ ಕಡತಕ್ಕೆ ಸೇರಿತು. ಸಭೆಯಲ್ಲಿ ನೂರು ಜನ ಕೂಗಿದ್ದಕ್ಕಿಂತ ಆ ಒಂದು ಫೋಟೋಗೆ ತೂಕ ಜಾಸ್ತಿ, ಏಕೆಂದರೆ ಮೇಲ್ಮನವಿಯಲ್ಲಿ ನೋಡುವುದು ಕಡತವನ್ನೇ.

ಷರತ್ತುಗಳಲ್ಲಿ ಮೊದಲನೆಯದು ಜನರೇಟರ್. ಪಕ್ಕದ ಮನೆಯ ಕಿಟಕಿಯ ಹತ್ತಿರ ರಾತ್ರಿ ಎಷ್ಟು ಡೆಸಿಬಲ್ ಮೀರಬಾರದು ಅಂತ ಬರೆದೆವು, ಪೆಟ್ಟಿಗೆ ಮುಚ್ಚಿರಬೇಕು, ಬ್ಯಾಟರಿ ಮುಗಿದ ಮೇಲೆ ಮಾತ್ರ ಅದು ಓಡಬೇಕು. ಆ ಹಾಸಿಗೆ ಒರಗಿಸಿದ ಮನೆಗೆ ಈ ನಿಯಮ ತಡವಾಗಿ ಬಂತು. ಕಂಪನಿಯವರನ್ನು ಹಲವು ಸಲ ಕರೆದು ಕೂರಿಸಿ ಮಾತಾಡಿದ ಮೇಲೆ ಜನರೇಟರ್ ಆಚೆ ಮೂಲೆಗೆ ಹೋಯಿತು. ತಾರಸಿಯ ಮೇಲೆ ಹಾಕುವುದಾದರೆ ಕಟ್ಟಡ ಅಷ್ಟು ಭಾರ ತಡೆಯುತ್ತದೆ ಅಂತ ರಚನಾ ಎಂಜಿನಿಯರ್ ಸಹಿ ಬೇಕು, ಗಾಳಿಯ ಒತ್ತಡದ ಲೆಕ್ಕವೂ ಸೇರಿ. ಹೊಸ ಟವರ್ ಆದರೆ ಇನ್ನೊಂದೆರಡು ಕಂಪನಿಯ ಆಂಟೆನಾ ಹೊರುವಷ್ಟು ಗಟ್ಟಿ ಇರಬೇಕು. ಬಳಕೆ ನಿಂತರೆ ಕಿತ್ತು ಹಾಕೋಕೆ ಠೇವಣಿ ಮೊದಲೇ ಇಡಬೇಕು, ಇಲ್ಲದಿದ್ದರೆ ತುಕ್ಕು ಹಿಡಿದ ಕಬ್ಬಿಣ ಯಾರದೂ ಅಲ್ಲದ ಹಾಗೆ ನಿಂತುಬಿಡುತ್ತದೆ.

ಅರ್ಜಿ ತೀರ್ಮಾನ ಮಾಡುವ ಗಡುವನ್ನು ಮಾತ್ರ ಮರೆಯಬೇಡಿ. ಅಮೆರಿಕದಲ್ಲಿ 2009ರಿಂದ ಹೊಸ ಟವರಿನ ಅರ್ಜಿಗೆ 150 ದಿನ, ಇರುವ ಟವರಿಗೆ ಆಂಟೆನಾ ಸೇರಿಸೋಕೆ 90 ದಿನ ಅಂತ ಇದೆ. ಬೇರೆ ಕಡೆ ಸಂಖ್ಯೆ ಬೇರೆ, ಕೆಲವು ಕಡೆ ಗಡುವು ದಾಟಿದರೆ ಒಪ್ಪಿಗೆ ಕೊಟ್ಟ ಹಾಗೇ ಲೆಕ್ಕ. ಹಾಗಾಗಿ ಅರ್ಜಿ ಬಂದ ವಾರದಲ್ಲೇ ಏನೇನು ಬಾಕಿ ಇದೆ ಅಂತ ಪಟ್ಟಿ ಮಾಡಿ ಬರವಣಿಗೆಯಲ್ಲಿ ಕಳಿಸುತ್ತೇನೆ.

ಹೊಸ ನಿಯಮ ಬಂದ ಮೇಲೆ ಮೊದಲ ಅರ್ಜಿಯೂ ಮನೆಗಳ ನಡುವಿನ ಸೈಟಿಗೇ ಬಂತು. ಮೂರು ನಕ್ಷೆ ಕೇಳಿದೆವು. ಎರಡು ಬೀದಿ ಆಚೆಯ ನೀರಿನ ಟ್ಯಾಂಕಿನ ಮೇಲೆ ಹಾಕಿದರೆ ಸಿಗ್ನಲ್ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ ಅಂತ ಅವರ ನಕ್ಷೆಯೇ ಹೇಳಿತು. ಜಾಸ್ತಿ ಜಗಳವಿಲ್ಲದೆ ಅಲ್ಲಿಗೆ ಹೋದರು. ಚಾಲೂ ಆದ ಮೇಲೆ ಹತ್ತಿರದ ಮಹಡಿಗಳಲ್ಲಿ ಅಳತೆ ಮಾಡಿಸಿದೆವು. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದ್ದವರೊಬ್ಬರು ತಾವೇ ಮೀಟರ್ ಹಿಡಿದು, ಒಂದೊಂದು ಸಂಖ್ಯೆಯನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಈಗ ವರ್ಷಕ್ಕೊಂದು ಸಲ ಫೋನ್ ಮಾಡಿ ಮುಂದಿನ ಅಳತೆ ಯಾವಾಗ ಅಂತ ಕೇಳುತ್ತಾರೆ.

ಈಗ ಬರುತ್ತಿರುವುದು ಬೀದಿದೀಪದ ಕಂಬಕ್ಕೆ ಕಟ್ಟುವ ಸಣ್ಣ ಆಂಟೆನಾ ಪೆಟ್ಟಿಗೆಗಳು. 30 ಮೀಟರ್ ಟವರಿಗೆ ಬರೆದ ನಿಯಮ ಇದಕ್ಕೆ ಹೊಂದುವುದಿಲ್ಲ. ಕಂಬ ಚಿಕ್ಕದು, ಶಕ್ತಿ ಕಡಿಮೆ, ಆದರೆ ಮೊದಲ ಮಹಡಿಯ ಕಿಟಕಿಗೆ ಸರಿಸಮ. ಅದಕ್ಕೆ ಬೇರೆ ಕರಡು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲಿ ದೂರದ ಲೆಕ್ಕ ಹಾಕಿಲ್ಲ, ಪೆಟ್ಟಿಗೆಯ ಮುಖ ಯಾವ ಕಡೆಗೆ ಅನ್ನುವ ಪ್ರಶ್ನೆ ಹಾಕಿದ್ದೇನೆ.