ಹಳೇ ಪುಟ್ಟ ಕಾರಿನ ತುಕ್ಕು: ನೀರಿನ ದಾರಿ ಹಿಡಿದು ಹುಡುಕಿ

ಹಳೇ ಮಿನಿಯನ್ನೋ ಫಿಯೆಟ್ 500 ಕಾರನ್ನೋ ಕೊಳ್ಳಲು ಹೊರಟವರು ಮೊದಲು ಎಂಜಿನ್ ಶಬ್ದಕ್ಕೆ ಕಿವಿ ಕೊಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ಮಂಡಿಯೂರಬೇಕು. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡಬಹುದು, ಬೇರೆಯದನ್ನೇ ಕೂರಿಸಬಹುದು. ತಗಡು ಹೋದರೆ ಕಾರೇ ಹೋದಂತೆ. ಇವುಗಳ ಕೆಳಗೆ ಬೇರೆ ಚಾಸಿ ಇಲ್ಲ, ಮಡಚಿ ಬೆಸೆದ ತಗಡೇ ಬೆನ್ನೆಲುಬು. ಅದರ ದಪ್ಪವೋ, ಬಹಳಷ್ಟು ಕಡೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ.

ಪೇಂಟ್ ಸರಿಯಿಲ್ಲ, ಅದಕ್ಕೇ ತುಕ್ಕು ಹಿಡಿಯಿತು ಎಂದು ಸುಮ್ನೆ ಹೇಳಿಬಿಡುತ್ತೇವೆ. ಪೇಂಟಿನ ಪಾಲೂ ಇದೆ. ಆದರೆ ದೊಡ್ಡ ಪಾಲು ಕಾರಿನ ಆಕಾರದ್ದು. ನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿ ಸಿಗುವುದಿಲ್ಲ. ಹಾಗಾಗಿ ಹುಡುಕುವ ಕೆಲಸ ಅಂಥ ಕಷ್ಟದ್ದೇನಲ್ಲ. ಮಳೆಹನಿ ಚಾವಣಿಯಿಂದ ನೆಲಕ್ಕೆ ಹೇಗೆ ಇಳಿಯುತ್ತದೋ ಹಾಗೇ ನೀವೂ ಇಳಿಯುತ್ತಾ ಬನ್ನಿ. ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಸ್ಕ್ರೂಡ್ರೈವರ್, ಕೆಳಗೆ ಮಲಗಲು ಒಂದು ರಟ್ಟು ಇದ್ದರೆ ಸಾಕು.

1. ಗಾಜಿನ ಸುತ್ತ

ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಅನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿ. ಹಳೇ ರಬ್ಬರ್ ಗಟ್ಟಿಯಾಗಿ ಕುಗ್ಗಿರುತ್ತದೆ. ಅದರಡಿ ನಿಂತ ನೀರು ಆರುವುದೇ ಇಲ್ಲ. ಪಕ್ಕದಲ್ಲಿ ಪೇಂಟ್ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿದ್ದರೂ ಅನುಮಾನಪಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಗುಳ್ಳೆ ಏಳುವುದು ಅದಕ್ಕೇ. ಹೊರಗೆ ಗುಳ್ಳೆ ಕಂಡಿತು ಎಂದರೆ ಒಳಗಿನಿಂದ ತಿನ್ನುತ್ತಾ ಬಂದು ಈಗ ತಲೆ ಹೊರಹಾಕಿದೆ ಎಂದೇ ಲೆಕ್ಕ.

ತುಕ್ಕಿನ ಮಾತು ಬಂದಾಗ ಆಲ್ಫಾಸುಡ್ ಹೆಸರು ಬಾರದೆ ಇರದು. ಇಟಲಿಯ ನೇಪಲ್ಸ್ ಹತ್ತಿರದ ಪೊಮಿಲಿಯಾನೊ ಡಾರ್ಕೊದಲ್ಲಿ 1972ರಿಂದ ತಯಾರಾದ ಕಾರು. ಓಡಿಸಲು ಅಷ್ಟು ಚೆಂದ. ಆದರೆ ಬಾಡಿಯ ಟೊಳ್ಳುಗಳಿಗೆ ಫೋಮ್ ತುಂಬಿದ್ದರು. ಆ ಫೋಮ್ ಸ್ಪಂಜಿನಂತೆ ನೀರು ಹೀರಿಕೊಂಡು ತಗಡಿಗೆ ಅಂಟಿ ಕೂತಿತು. ಒದ್ದೆ ಬಟ್ಟೆಯಲ್ಲಿ ಮೊಳೆ ಸುತ್ತಿಟ್ಟ ಹಾಗೆ! ರಷ್ಯಾದ ಕಳಪೆ ಉಕ್ಕು ಹಾಕಿದರು, ಅದಕ್ಕೇ ಇಟಲಿಯ ಕಾರುಗಳು ಹೀಗಾದವು ಎಂಬ ಮಾತು ಹಳೇ ಕಾರಿನವರ ಬಾಯಲ್ಲಿ ಈಗಲೂ ಓಡಾಡುತ್ತದೆ. ನನಗಂತೂ ಉಕ್ಕಿಗಿಂತ ಈ ಫೋಮಿನ ಮೇಲೇ ಜಾಸ್ತಿ ಸಿಟ್ಟು.

2. ಬೆಸುಗೆಯ ಅಂಚುಗಳು

ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ 1959ರಲ್ಲಿ ಬಂತು. ಅದರ ಮೂಲೆಗಳಲ್ಲಿ ತಗಡಿನ ಅಂಚುಗಳು ಹೊರಕ್ಕೆ ಚಾಚಿಕೊಂಡಿವೆ. ಬೆಸೆಯಲು ಸುಲಭ, ಖರ್ಚೂ ಕಡಿಮೆ. ಆದರೆ ಎರಡು ತಗಡನ್ನು ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಸೆದಾಗ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಪೇಂಟ್ ಅದರೊಳಗೆ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ಸಂದಿನ ಆಳದಲ್ಲಿರುವ ನೀರಿಗೆ ಗಾಳಿ ಸಿಗದು, ಬಾಯಲ್ಲಿರುವ ನೀರಿಗೆ ಸಿಗುತ್ತದೆ. ಇಷ್ಟು ವ್ಯತ್ಯಾಸವೇ ಸಾಕು, ಅಲ್ಲೊಂದು ಪುಟಾಣಿ ಬ್ಯಾಟರಿ ಹುಟ್ಟಿಕೊಳ್ಳುತ್ತದೆ. ಗಾಳಿ ಸಿಗದ ಕಡೆಯ ಕಬ್ಬಿಣ ಕರಗುತ್ತಾ ಹೋಗುತ್ತದೆ. ಅಂಚು ನೇರವಾಗಿದೆಯೇ, ಅಲೆಅಲೆಯಾಗಿ ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

3. ಕಾರ್ಪೆಟ್ ಎತ್ತಿ

ಮಾರುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಎತ್ತಿ. ಮೂಗಿಗೆ ಮುಗ್ಗಲು ವಾಸನೆ ಬಂದರೆ ಅರ್ಧ ಉತ್ತರ ಸಿಕ್ಕಂತೆ. ಮೊದಮೊದಲ ಮಿನಿಗಳಲ್ಲಿ ನೆಲದ ತಗಡಿನ ಜೋಡಣೆಯೇ ಉಲ್ಟಾ ಇತ್ತು. ಕಾರು ಮುಂದೆ ಓಡಿದಂತೆ ರಸ್ತೆಯ ನೀರನ್ನು ಮೊಗೆದು ಒಳಗೆ ಬಿಡುತ್ತಿತ್ತು. ಓಡಿಸುವವರ ಕಾಲೇ ನೆನೆಯುತ್ತಿತ್ತು! ಆಮೇಲೆ ಜೋಡಣೆ ಬದಲಾಯಿಸಿದರು.

4. ಬಾಗಿಲಿನ ಕೆಳಗಿನ ಸಿಲ್

ಇಲ್ಲಿ ಅವಸರ ಬೇಡ. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆಯೇ ಸಿಲ್. ಕಾರಿನ ಬಲವೆಲ್ಲ ಇಲ್ಲೇ. ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಶುರುವಿನ ದಶಕಗಳ ಮಿನಿಯ ಚಕ್ರ ಬರೀ 10 ಇಂಚಿನದು, ಮುಂದಿನ ಚಕ್ರ ಎರಚಿದ ಕೆಸರೆಲ್ಲ ಹತ್ತಿರದ ಸಿಲ್‌ನತ್ತಲೇ ಬರುತ್ತದೆ. ಕೆಸರು ಒಣಗಿ ತೂತು ಮುಚ್ಚಿತೋ, ಸಿಲ್ ನೀರಿನ ತೊಟ್ಟಿಯಾಯಿತು. ಫೋಕ್ಸ್‌ವ್ಯಾಗನ್ ಬೀಟಲ್‌ನದು ಇನ್ನೊಂದು ಕಥೆ. ಅದರ ಹೀಟರಿನ ಬಿಸಿಗಾಳಿ ಇದೇ ಪೆಟ್ಟಿಗೆಯೊಳಗಿಂದ ಹಾದುಬರುತ್ತದೆ. ನೀರೂ ಇತ್ತು, ಬೆಚ್ಚಗೂ ಆಯಿತು. ತುಕ್ಕಿಗೆ ಇನ್ನೇನು ಬೇಕು?

ಸ್ಕ್ರೂಡ್ರೈವರಿನ ಹಿಡಿಯಿಂದ ಸಿಲ್ ಉದ್ದಕ್ಕೂ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಬೊದ್ ಎನ್ನುತ್ತದೆ. ಒಳಗೆ ಮರಳು ಉದುರಿದ ಸದ್ದು ಬಂದರೆ ಅದು ಮರಳಲ್ಲ, ಕಾರೇ ಉದುರುತ್ತಿದೆ. ಆಮೇಲೆ ಅಯಸ್ಕಾಂತ. ಒಮ್ಮೆ ಹೊಸ ಪೇಂಟ್ ಹೊಡೆದ ಕೆಂಪು ಕಾರೊಂದನ್ನು ನೋಡಲು ಹೋಗಿದ್ದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಸಿಲ್‌ಗೆ ಅಯಸ್ಕಾಂತ ಇಟ್ಟೆ, ಜಾರಿ ಬಿತ್ತು. ಪಕ್ಕಕ್ಕೆ ಇಟ್ಟೆ, ಮತ್ತೆ ಬಿತ್ತು. ಒಂದು ಅಡಿಗೂ ಜಾಸ್ತಿ ಉದ್ದ ಬರೀ ಪುಟ್ಟಿ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎನ್ನುವುದು ಇದಕ್ಕೇ ಅಲ್ವಾ? ಕೊಳೆತ ಸಿಲ್ ಕತ್ತರಿಸದೆ ಅದರ ಮೇಲೇ ಇನ್ನೊಂದು ಅಗಲದ ಸಿಲ್ ಬೆಸೆಯುವವರೂ ಇದ್ದಾರೆ. ಅಯಸ್ಕಾಂತ ಅಲ್ಲಿ ಚೆನ್ನಾಗಿಯೇ ಅಂಟುತ್ತದೆ. ಆ ಮೋಸ ಕಾಣುವುದು ಕೆಳಗೆ ಮಲಗಿ ನೋಡಿದರೆ ಮಾತ್ರ.

5. ಕಾರಿನ ಕೆಳಗೆ

ಬರೀ ಜ್ಯಾಕ್ ನಂಬಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಇಡಿ. ಮಿನಿಯಲ್ಲಿ ಹಿಂದಿನ ಚಕ್ರಗಳನ್ನು ಹಿಡಿದಿರುವ ಸಬ್‌ಫ್ರೇಮ್ ಮೊದಲು ನೋಡಿ. ಅದೂ ಟೊಳ್ಳು ಪೆಟ್ಟಿಗೆಯೇ. ಬ್ರಿಟನ್ನಿನಲ್ಲಿ ಚಳಿಗಾಲದ ರಸ್ತೆಗೆ ಹಿಮ ಕಟ್ಟದಂತೆ ಉಪ್ಪು ಸುರಿಯುತ್ತಾರೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಆಗ ಹೇಳಿದ ಪುಟಾಣಿ ಬ್ಯಾಟರಿಯ ಆರ್ಭಟ ಜೋರಾಗುತ್ತದೆ. ಸಾಲದ್ದಕ್ಕೆ ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಅಲ್ಲಿನ ಎಂಒಟಿ ಪರೀಕ್ಷೆಯಲ್ಲಿ ಸಸ್ಪೆನ್ಷನ್, ಸೀಟ್ ಬೆಲ್ಟ್ ಕೂಡುವ ಜಾಗಗಳ ಸುತ್ತ 30 ಸೆಂಟಿಮೀಟರ್ ಒಳಗೆ ತಗಡಿನ ಬಲ ಹೋಗುವಷ್ಟು ತುಕ್ಕಿದ್ದರೆ ಕಾರು ಫೇಲ್. ನೀವೂ ಅದೇ ಅಳತೆ ಇಟ್ಟುಕೊಳ್ಳಿ.

ಬ್ಯಾಟರಿಯ ಅಡಿಯನ್ನೂ ಮರೆಯಬೇಡಿ. ಮಿನಿಯಲ್ಲಿ ಅದು ಡಿಕ್ಕಿಯ ನೆಲದಲ್ಲಿ, ಬೀಟಲ್‌ನಲ್ಲಿ ಹಿಂದಿನ ಸೀಟಿನ ಕೆಳಗೆ. ಸೋರಿದ ಆಸಿಡ್ ಪೇಂಟನ್ನು ಮೊದಲು ತಿನ್ನುತ್ತದೆ, ಆಮೇಲೆ ತಗಡನ್ನು.

6. ಕಾರು ತಂದ ಮೇಲೆ

ಈಗಿನ ಕಾರುಗಳ ತಗಡಿಗೆ ಸತುವಿನ ಲೇಪ ಇರುತ್ತದೆ, ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಮೂಲೆಮೂಲೆಗೂ ಅಂಟಿಸುತ್ತಾರೆ. ಪೋರ್ಶೆ 911ರಂಥ ದುಬಾರಿ ಕಾರಿಗೇ ಸತುವಿನ ಲೇಪದ ಬಾಡಿ ಬಂದದ್ದು 1970ರ ದಶಕದ ನಡುವೆ. ಅಗ್ಗಕ್ಕೆ ಮಾರಬೇಕಿದ್ದ ಪುಟ್ಟ ಕಾರಿಗೆ ಅದನ್ನೆಲ್ಲ ಯಾರು ಮಾಡುತ್ತಿದ್ದರು? ಆ ಕೆಲಸ ಈಗ ನಿಮ್ಮ ಪಾಲಿಗೆ.

ತಳಕ್ಕೆ ದಪ್ಪನೆ ಟಾರು ಬಳಿಯುವುದು ನನಗಂತೂ ಇಷ್ಟವಿಲ್ಲ. ಅದು ಒಣಗಿ ಬಿರುಕು ಬಿಟ್ಟರೆ ನೀರು ಹಿಂದೆ ಸೇರಿಕೊಳ್ಳುತ್ತದೆ, ನಿಮಗೆ ಕಾಣುವುದೂ ಇಲ್ಲ. ಒದ್ದೆ ಕಾರನ್ನು ಬೆಚ್ಚಗಿನ ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲಿಸುವುದೂ ತಪ್ಪು. ಹೊರಗಿನ ಚಳಿಗಿಂತ ಅಲ್ಲಿ ತುಕ್ಕು ಬೇಗ ಹಬ್ಬುತ್ತದೆ. ಗಾಳಿಯಾಡುವ ಮಾಡಿನ ಕೆಳಗೆ ನಿಲ್ಲಿಸಿದರೆ ಒಳ್ಳೆಯದು.

ಮೊದಲು ಸಿಲ್, ಬಾಗಿಲುಗಳ ತಳದ ತೂತುಗಳನ್ನೆಲ್ಲ ತಂತಿಯಿಂದ ಬಿಡಿಸಿ, ನೀರು ಹಾಯಿಸಿ, ಕೆಲವು ದಿನ ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಉದ್ದ ಕೊಳವೆ ತೂರಿಸಿ ತುಕ್ಕು ತಡೆಯುವ ತೆಳು ವ್ಯಾಕ್ಸ್ ಸಿಂಪಡಿಸಿ. ಕೆಳಗೆ ಹಳೇ ಪೇಪರ್ ಹಾಸಿ ಕಾಯಿರಿ. ವ್ಯಾಕ್ಸ್ ಒಂದೊಂದು ತೂತಿನಿಂದಲೂ ತೊಟ್ಟಿಕ್ಕಬೇಕು. ಯಾವ ತೂತಿನ ಕೆಳಗೆ ಪೇಪರ್ ಒಣಗಿದ್ದು ಹಾಗೇ ಇದೆಯೋ ಅಲ್ಲಿಗೆ ಮತ್ತೆ ತಂತಿ ಹಿಡಿದು ಹೋಗಿ.