ಸಂಕ್ರಾಂತಿಯಿಂದ ಯುಗಾದಿವರೆಗೆ: ಮೇಲಗಿರಿ ಕಾಡಿನ ಬಣ್ಣ, ನಾಲ್ಕು ಸೀಟಿನ ವಿಮಾನದಿಂದ

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿರುವ ನಮ್ಮೂರ ಹುಡುಗರು ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆಯ ಕೆಂಪು ಗುಡ್ಡಗಳ ಫೋಟೋ ಕಳಿಸುತ್ತಾರೆ. ಅದನ್ನು ನೋಡಿ ಹೊಸೂರಿನಲ್ಲೂ ಅಕ್ಟೋಬರಿನಲ್ಲೇ ವಿಮಾನ ಹತ್ತಿದರೆ ಕೆಳಗೆ ಬರೀ ಹಸಿರು, ಮೇಲೆ ಹಿಂಗಾರಿನ ಮೋಡ. ಅಮೆರಿಕದ ಲೆಕ್ಕವೇ ಬೇರೆ. ಹಗಲು ಚಿಕ್ಕದಾಗಿ, ರಾತ್ರಿ ತಣ್ಣಗಾಗುತ್ತಿದ್ದಂತೆ ಎಲೆಯ ಹಸಿರು ಕರಗುತ್ತದೆ, ಒಳಗೆ ಮೊದಲೇ ಇದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್ ಮರದಲ್ಲಿ ಎಲೆಯೊಳಗೆ ಉಳಿದ ಸಕ್ಕರೆಯಿಂದ ಕೆಂಪು ಹೊಸದಾಗಿ ಹುಟ್ಟುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿಗೆ ಅಲ್ಲಿ ಅದು ಮುಗಿದೂ ಹೋಗುತ್ತದೆ.

ಇಲ್ಲಿ, ಹೊಸೂರಿನ ದಕ್ಷಿಣಕ್ಕಿರುವ ಮೇಲಗಿರಿ ಗುಡ್ಡಗಳ ಕಾಡಿನಲ್ಲಿ, ಎಲೆ ಉದುರಿಸುವುದು ಚಳಿಯಲ್ಲ, ನೀರಿನ ಬರ. ಹಾಗಾಗಿ ನಮ್ಮ ಬಣ್ಣ ತಡವಾಗಿ ಬರುತ್ತದೆ, ಎರಡು ಸಲ ಬರುತ್ತದೆ, ಕ್ರಮವೂ ತಿರುಗುಮುರುಗು. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಉದುರುವ ಎಲೆಯ ಬಣ್ಣ: ದಿಂಡಿಗ ತಾಮ್ರದ ಹಾಗೆ ಕಾಯುತ್ತದೆ, ಬಿದಿರು ಮೆಳೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಉಳಿದದ್ದು ಕಂದು. ನಿಜವಾದ ಕೆಂಪು ಬರುವುದು ಚಳಿ ಶಿವಶಿವಾ ಎಂದು ಹೋದ ಮೇಲೆ, ಯುಗಾದಿವರೆಗೆ. ಅದು ಸಾಯುವ ಎಲೆಯದ್ದಲ್ಲ, ಸಾಗಡೆ ಮರದ ಚಿಗುರಿನದ್ದು. ಎಳೆ ಎಲೆಯನ್ನು ಬಿಸಿಲಿನಿಂದ ಕಾಯುವ ಬಣ್ಣ ಅದು. ಎರಡು ವಾರದಲ್ಲಿ ಹಸಿರಾಗಿಬಿಡುತ್ತದೆ. ಅದೇ ಹೊತ್ತಿಗೆ ಮುತ್ತುಗ ಬೋಳು ಕೊಂಬೆಯ ಮೇಲೆ ಕೇಸರಿ ಹೂ ಹೊತ್ತು ನಿಂತಿರುತ್ತದೆ, ಬಂಡೆ ಗುಡ್ಡದಲ್ಲಿ ಅರಿಶಿನ ಬೂರುಗ ಹಳದಿ ಚುಕ್ಕೆ ಇಟ್ಟ ಹಾಗೆ. ಒಂದೇ ಹಾರಾಟಕ್ಕೆ ದುಡ್ಡಿದ್ದರೆ ನನ್ನ ಆಯ್ಕೆ ಎರಡನೆಯದು. ತಾಮ್ರದ ಬಣ್ಣಕ್ಕೆ ಗಾಳಿ ತಿಳಿಯಾಗಿರುವ ಅನುಕೂಲ ಇದೆ, ನಿಜ. ಆದರೆ ಕೆಂಪಿಗೆ ಅದು ಸಾಟಿಯಲ್ಲ. ಹಿಂಗಾರು ಡಿಸೆಂಬರಿಗೂ ಎಳೆದರೆ ಮೊದಲ ಸುತ್ತು ತಡವಾಗುತ್ತದೆ, ಮಣ್ಣಿನ ತೇವ ಆರುವ ತನಕ ಮರ ಎಲೆ ಬಿಡುವುದಿಲ್ಲ. ಕ್ಯಾಲೆಂಡರ್ ನೋಡಿ ದಿನ ಇಡುವ ಬದಲು ಕಾಡಿನ ನಡುವಿನ ಊರು ಅಂಚೆಟ್ಟಿಯ ಬಸ್ಸಿನಲ್ಲಿ ಬಂದವರನ್ನು ಕೇಳಿ ಇಡುವುದು ವಾಸಿ.

ಕಾಗದಪತ್ರಕ್ಕೆ ಹಾರಾಟಕ್ಕಿಂತ ಹೆಚ್ಚು ಸಮಯ ಹೋಗುತ್ತದೆ. ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 17 ವರ್ಷ, 40 ಗಂಟೆ ಹಾರಾಟ. ಆ ಲೈಸೆನ್ಸಿನಲ್ಲಿ ಯಾರನ್ನೂ ಬಾಡಿಗೆ ತೆಗೆದುಕೊಂಡು ಕರೆದೊಯ್ಯುವಂತಿಲ್ಲ. ನೆಂಟರು, ಸ್ನೇಹಿತರು ಅಷ್ಟೇ. ಪ್ರತಿ ಹಾರಾಟಕ್ಕೂ ಫ್ಲೈಟ್ ಪ್ಲಾನ್ ಕೊಟ್ಟು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರದ) ನಂಬರ್ ಮತ್ತು ವಾಯುಪಡೆಯ ಎಡಿಸಿ (ವಾಯುರಕ್ಷಣಾ ಅನುಮತಿ) ನಂಬರ್ ಪಡೆಯಬೇಕು, ಎರಡನ್ನೂ ಮೊಣಕಾಲಿನ ಪ್ಯಾಡಿನ ಮೇಲೆ ಬರೆದಿಟ್ಟುಕೊಂಡಿರಬೇಕು. ಹೊಸೂರಿನ ರನ್‌ವೇ ಖಾಸಗಿಯದು, ಮೊದಲೇ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲಿಂದ ಸುಮಾರು 35 ಕಿಲೋಮೀಟರ್. ಅಲ್ಲಿ ಪರೀಕ್ಷಾ ಹಾರಾಟ ನಡೆಯುವುದರಿಂದ ನೆಲದ ಮೇಲೆ ಅರ್ಧ ಗಂಟೆ ಕಾಯಿಸಿದರೆ ಗೊಣಗುವ ಹಾಗಿಲ್ಲ. ಅಷ್ಟು ಹೊತ್ತು ಕಾದರೆ ಬೆಳಕು ಏನಾಗುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿಡಿ.

ವಿಮಾನದಿಂದ ಫೋಟೋ ತೆಗೆಯಲು ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಅನುಮತಿ ಬೇರೆ ಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಅನುಮತಿ ಇಲ್ಲದ ದಿನ ಕ್ಯಾಮೆರಾ ಕೆಳಗೇ ಬಿಟ್ಟು ಬರೀ ಕಣ್ಣಿನಿಂದ ನೋಡಿ ಬರುವುದು. ಇನ್ನೊಂದು ವಿಷಯ ಕಾಡಿನದು. ಕೆಳಗಿರುವುದು 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿಧಾಮ ಮತ್ತು 2022ರ ಕಾವೇರಿ ದಕ್ಷಿಣ ವನ್ಯಜೀವಿಧಾಮ, ಎರಡೂ ಆನೆಗಳ ಜಾಗ. ವನ್ಯಜೀವಿಧಾಮಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳಲ್ಲಿ ಪ್ರವಾಸಕ್ಕೆಂದು ವಿಮಾನ, ಬಲೂನು ಹಾರಿಸುವುದಕ್ಕೂ ನಿರ್ಬಂಧದ ಕಲಮು ಇರುತ್ತದೆ, ಓದಿಕೊಂಡು ದಾರಿ ಹಾಕಬೇಕು. ನಾನು ಧಾಮದ ಗಡಿಯ ಹೊರಗೆ, ಗುಡ್ಡದ ಪೂರ್ವದ ಬಯಲಿನ ಮೇಲೆ ಹಾರಿ, ಒಳಗಿನ ಇಳಿಜಾರನ್ನು ಓರೆಯಾಗಿ ನೋಡುತ್ತೇನೆ. ಮುಂದೆ ಹೇಳುವ ಹಾಗೆ ಬಣ್ಣಕ್ಕೂ ಅದೇ ಒಳ್ಳೆಯದು.

ವಿಮಾನ ಸೆಸ್ನಾ 172ಎಸ್. ರೆಕ್ಕೆ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡವಿಲ್ಲ. ಸೀಟು ನಾಲ್ಕಿದ್ದರೂ ಹತ್ತುವುದು ಮೂರೇ ಜನ. ಕಾರಣ ಹೊಸೂರಿನ ಎತ್ತರ ಮತ್ತು ಸೆಕೆ, ಎರಡೂ ಗಾಳಿಯನ್ನು ತೆಳುವಾಗಿಸುತ್ತವೆ. ರನ್‌ವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಮಾರ್ಚಿನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ 30 ಡಿಗ್ರಿ ಇದ್ದರೆ ವ್ಯತ್ಯಾಸ 21. ಡಿಗ್ರಿಗೆ 120 ಅಡಿಯಂತೆ 2520 ಅಡಿ ಸೇರಿಸಿ. ಅಂದರೆ ಎಂಜಿನ್ನಿಗೂ ರೆಕ್ಕೆಗೂ ನಾವು 5500 ಅಡಿ ಮೇಲಿದ್ದ ಹಾಗೆ. ಸಮುದ್ರಮಟ್ಟದಲ್ಲಿ ಪೂರ್ತಿ ಭಾರದಲ್ಲಿ ನಿಮಿಷಕ್ಕೆ 730 ಅಡಿ ಏರುವ ವಿಮಾನ ಇಲ್ಲಿ 500ರ ಆಸುಪಾಸಿಗೆ ಬರುತ್ತದೆ. ರನ್‌ವೇ ಸುಮಾರು 7000 ಅಡಿ ಉದ್ದ ಇರುವುದರಿಂದ ನೆಲ ಬಿಡುವುದು ಕಷ್ಟವಲ್ಲ, ಆಮೇಲೆ ಏರುವುದೇ ನಿಧಾನ. ಟ್ಯಾಂಕಿನಲ್ಲಿ ಬಳಸಬಹುದಾದ ಇಂಧನ 200 ಲೀಟರ್ ಹಿಡಿಯುತ್ತದೆ, ಲೀಟರಿಗೆ 0.72 ಕಿಲೋ. ಗಂಟೆಗೆ 33 ಲೀಟರ್ ಎಂದಿಟ್ಟುಕೊಂಡು 120 ಲೀಟರ್ ಹಾಕಿದರೆ ಒಂದೂವರೆ ಗಂಟೆ ಸುತ್ತಿ ಬಂದ ಮೇಲೂ ಎರಡು ಗಂಟೆಗೆ ಮಿಕ್ಕಿ ಉಳಿಯುತ್ತದೆ, 58 ಕಿಲೋ ಭಾರವೂ ಕಡಿಮೆ.

ಮಿಕ್ಸ್‌ಚರ್ (ಎಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲಿನ ಬೆರಕೆ) ವಿಚಾರ ಕೆಳಗಿನ ಊರುಗಳಲ್ಲಿ ಕಲಿತು ಬಂದವರಿಗೆ ತಲೆಗೆ ಹತ್ತುವುದಿಲ್ಲ. ಈ ಎತ್ತರದಲ್ಲಿ ಬೆರಕೆ ಹೊಂದಿಸುವ ಕೆಂಪು ಗುಬ್ಬಿಯನ್ನು ಪೂರ್ತಿ ಒಳಗೆ ತಳ್ಳಿ ಹೊರಟರೆ ಪೆಟ್ರೋಲು ಹೆಚ್ಚಾಗಿ ಎಂಜಿನ್ ಪೂರ್ತಿ ಶಕ್ತಿ ಕೊಡುವುದಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಏರಿ ನಿಲ್ಲುವ ತನಕ ಗುಬ್ಬಿಯನ್ನು ಹಿಂದಕ್ಕೆ ಎಳೆದು, ಆಮೇಲೆ ಓಟ ಶುರು. ಟ್ಯಾಕ್ಸಿ ಮಾಡುವಾಗಲೂ (ನೆಲದ ಮೇಲೆ ಓಡಿಸುವಾಗಲೂ) ಬೆರಕೆಯನ್ನು ತೆಳುವಾಗಿಯೇ ಇಟ್ಟಿರಬೇಕು, ಇಲ್ಲವಾದರೆ ಸ್ಪಾರ್ಕ್ ಪ್ಲಗ್ಗಿಗೆ ಸೀಸ ಕಟ್ಟಿ ರನ್‌ಅಪ್ಪಿನಲ್ಲಿ (ಹೊರಡುವ ಮುಂಚಿನ ಎಂಜಿನ್ ಪರೀಕ್ಷೆಯಲ್ಲಿ) ಎಂಜಿನ್ ನಡುಗುತ್ತದೆ.

ಹೊತ್ತು: ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ. ಜನವರಿಯಲ್ಲಿ ಅದಕ್ಕೆ ಮುಂಚೆ ಕೆರೆಗಳ ಮೇಲೆ ಮಂಜು ಕೂತಿರುತ್ತದೆ, ರನ್‌ವೇಯೇ ಕಾಣದ ದಿನಗಳೂ ಉಂಟು. ಹತ್ತೂವರೆ ಮೇಲೆ ನೆಲ ಕಾದು ಗಾಳಿ ಕುದಿಯತೊಡಗುತ್ತದೆ, ಹದ್ದುಗಳು ಅದೇ ಬಿಸಿಗಾಳಿ ಹಿಡಿದು ನಮ್ಮ ಎತ್ತರಕ್ಕೆ ಬರುತ್ತವೆ. ಸಂಜೆ ಬೆಳಕು ಚೆಂದ. ಆದರೆ ಮಾರ್ಚಿನಲ್ಲಿ ಕಾಡಿನ ಬೆಂಕಿಯ ಹೊಗೆ ಮಧ್ಯಾಹ್ನದ ಹೊತ್ತಿಗೆ ಹರಡಿ, ಕೆಂಪೆಲ್ಲ ಇಟ್ಟಿಗೆ ಪುಡಿಯ ಹಾಗೆ ಮಂಕಾಗುತ್ತದೆ. ನಮ್ಮಲ್ಲಿ ಕಣ್ಣಳತೆಯ ಹಾರಾಟ ಸೂರ್ಯ ಮುಳುಗಿ 20 ನಿಮಿಷದೊಳಗೆ ಮುಗಿದಿರಬೇಕು ಎಂಬ ನಿಯಮವೂ ಸಂಜೆಯನ್ನು ಇಕ್ಕಟ್ಟು ಮಾಡುತ್ತದೆ.

ದಾರಿಗೆ ರೈಲು ಹಳಿಯೇ ಗುರುತು. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟ ಹಿಂದೆ ಬಿದ್ದ ಮೇಲೆ ಕೆಳಗೆ ಗುಲಾಬಿ ಬೆಳೆಯುವ ಪಾಲಿಹೌಸ್‌ಗಳು (ಅವುಗಳ ಪ್ಲಾಸ್ಟಿಕ್ ಮಾಡು ಬಿಸಿಲಿಗೆ ಕನ್ನಡಿ ಹಿಡಿದ ಹಾಗೆ ಕಣ್ಣಿಗೆ ಹೊಡೆಯುತ್ತದೆ, ತಂಪು ಕನ್ನಡಕ ಬೇಕು), ಕೆಲಮಂಗಲ, ಆಮೇಲೆ ಕೋಟೆ ಬೆಟ್ಟದ ರಾಯಕೋಟೆ. ಅಲ್ಲಿ ದಕ್ಷಿಣಕ್ಕೆ ತಿರುಗಿ ಪಾಲಕೋಡಿನ ಬಯಲಿನ ಪಶ್ಚಿಮ ಅಂಚು ಹಿಡಿದು ಪೆನ್ನಾಗರ, ಕೊನೆಗೆ ಹೊಗೇನಕಲ್. ಒಂದು ದಾರಿಗೆ ಸುಮಾರು 50 ನಾಟಿಕಲ್ ಮೈಲಿ (93 ಕಿಲೋಮೀಟರ್). ರಾಯಕೋಟೆಯಿಂದ ದಕ್ಷಿಣಕ್ಕೆ ಹೋಗುವಾಗ 6500 ಅಡಿ, ಉತ್ತರಕ್ಕೆ ಬರುವಾಗ 5500. ದಿಕ್ಕಿನ ಪ್ರಕಾರ ಎತ್ತರದ ನಿಯಮಕ್ಕೂ ಇದು ಹೊಂದುತ್ತದೆ. ನಿಯಂತ್ರಕರು ಬೇರೆ ಎತ್ತರ ಕೊಟ್ಟರೆ ಅದೇ ಸರಿ. ಮೇಲಗಿರಿಯ ಎತ್ತರದ ತಲೆಗಳು 4500 ಅಡಿಯ ಆಸುಪಾಸಿನವು, ಅವುಗಳ ನೆತ್ತಿಯ ಮೇಲೆ ನಾನು ಹೋಗುವುದೇ ಇಲ್ಲ.

ಗುಡ್ಡದ ಪೂರ್ವ ಮಗ್ಗುಲನ್ನೇ ಹಿಡಿಯುವುದಕ್ಕೆ ಮೂರು ಕಾರಣ ಒಟ್ಟಿಗೆ ಕೂಡುತ್ತವೆ. ಬೆಳಗಿನ ಬಿಸಿಲು ಆ ಮಗ್ಗುಲಿನ ಮೇಲೆ ನೇರ ಬೀಳುತ್ತದೆ. ಈ ತಿಂಗಳುಗಳ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ಗುಡ್ಡಕ್ಕೆ ಬಡಿದು ಪೂರ್ವದ ಕಡೆ ಮೇಲೇಳುತ್ತದೆ, ದಾಟಿದ ಮೇಲೆ ಪಶ್ಚಿಮದ ಕಣಿವೆಗೆ ಧುಮುಕುತ್ತದೆ. ಆ ಇಳಿಗಾಳಿಗೆ ಸಿಕ್ಕರೆ ನಿಮಿಷಕ್ಕೆ 500 ಅಡಿ ಏರುವ ವಿಮಾನ ಮೂಗು ಮೇಲೆತ್ತಿಕೊಂಡೇ ಇಳಿಯುತ್ತದೆ. ಮೂರನೆಯದು ಇಳಿಯುವ ಜಾಗ. ಎಂಜಿನ್ ನಿಂತರೆ 172 ವಿಮಾನ 68 ನಾಟ್ (ಗಂಟೆಗೆ 68 ನಾಟಿಕಲ್ ಮೈಲಿ) ವೇಗದಲ್ಲಿ ಪ್ರತಿ 1000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ಪಾಲಕೋಡಿನ ಬಯಲು 1700 ಅಡಿಯಲ್ಲಿದೆ, 6500ರಿಂದ ಏಳು ನಾಟಿಕಲ್ ಮೈಲಿ ದಾರಿ ಸಿಗುತ್ತದೆ. ಅಷ್ಟರಲ್ಲಿ ಕೊಯ್ಲಾದ ರಾಗಿ ಹೊಲವೋ ಬತ್ತಿದ ಕೆರೆಯಂಗಳವೋ ಇದ್ದೇ ಇರುತ್ತದೆ. ಅಂಚೆಟ್ಟಿ ಕಡೆಯ ಒಳಕಾಡಿನಲ್ಲಿ ಮರ ಮತ್ತು ಬಂಡೆ ಬಿಟ್ಟರೆ ಏನೂ ಇಲ್ಲ.

ಈಗ ನೋಟದ ವಿಷಯ. ಹೊಸಬರು ಮಾಡುವ ತಪ್ಪು ನೇರ ಕೆಳಗೆ ನೋಡುವುದು. ಅರ್ಧ ಎಲೆ ಉದುರಿದ ಮರವನ್ನು ನೆತ್ತಿಯಿಂದ ನೋಡಿದರೆ ಕೊಂಬೆಗಳ ನಡುವೆ ನೆಲವೇ ಹೆಚ್ಚು ಕಾಣುತ್ತದೆ, ಬಣ್ಣವೆಲ್ಲ ಮಣ್ಣಿನ ಬಣ್ಣದಲ್ಲಿ ಕರಗುತ್ತದೆ. ದಿಗಂತದಿಂದ 30 ಡಿಗ್ರಿ ಕೆಳಗೆ, ಓರೆಯಾಗಿ ನೋಡಿದರೆ ಒಂದು ಮರದ ನೆತ್ತಿ ಇನ್ನೊಂದರ ಮೇಲೆ ಬಿದ್ದು ಬಣ್ಣ ದಟ್ಟವಾಗುತ್ತದೆ. ಇಳಿಜಾರಿಗಿಂತ 2000 ಅಡಿ ಮೇಲಿದ್ದರೆ ಆ ಕೋನಕ್ಕೆ ಒಂದು ಕಿಲೋಮೀಟರ್ ದೂರದಲ್ಲಿ ಹಾರಬೇಕು, 2500 ಅಡಿ ಇದ್ದರೆ ಒಂದೂ ಕಾಲಿಗೆ ಸ್ವಲ್ಪ ಮೇಲೆ. ಇನ್ನೂ ಹತ್ತಿರ ಹೋದಷ್ಟೂ ಬಣ್ಣ ತೆಳುವಾಗುತ್ತದೆ, ಅಪಾಯ ಮಾತ್ರ ದಪ್ಪವಾಗುತ್ತದೆ. ದಿಂಡಿಗದ ತಾಮ್ರಕ್ಕೆ ಬಿಸಿಲು ಬೆನ್ನ ಹಿಂದಿರಬೇಕು. ಸಾಗಡೆಯ ಚಿಗುರಿಗೆ ಉಲ್ಟಾ: ಎಲೆ ತೆಳು, ಬೆಳಕು ಅದರೊಳಗಿಂದ ತೂರಿ ಬಂದಾಗಲೇ ಅದು ಹೊತ್ತಿಕೊಳ್ಳುವುದು. ಹೊಗೇನಕಲ್ ಹತ್ತಿರ ತಿರುಗುವಾಗ ಪೂರ್ವಕ್ಕೆ ಮುಖ ಮಾಡುವ ಒಂದು ನಿಮಿಷ ಅದಕ್ಕೆ ಹೇಳಿಮಾಡಿಸಿದ್ದು. ಹಳ್ಳಗಳ ಗುಂಟ ಹೊಳೆಮತ್ತಿ ಬೇಸಗೆಯಲ್ಲೂ ಹಸಿರಾಗಿಯೇ ಇರುತ್ತದೆ. ಕಂದು ಕಾಡಿನ ನಡುವೆ ಅಂಗೈ ರೇಖೆಯ ಹಾಗೆ ಓಡುವ ಆ ಹಸಿರು ಗೆರೆ ನೆಲದ ಮೇಲೆ ನಿಂತವರಿಗೆ ಕಾಣುವುದೇ ಇಲ್ಲ.

ವೇಗ 85ರಿಂದ 90 ನಾಟ್, ಫ್ಲ್ಯಾಪ್ 10 ಡಿಗ್ರಿ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಬಾಗುವ ಪಟ್ಟಿ) ಇಳಿಸಿದರೆ ಮೂಗು ತಗ್ಗಿ ಮುಂದಿನ ನೋಟ ತೆರೆಯುತ್ತದೆ. 10 ಡಿಗ್ರಿಗೆ 110 ನಾಟ್ ಮಿತಿ. ಇನ್ನೂ ನಿಧಾನ ಮಾಡುವ ಆಸೆ ಬೇಡ. ಫ್ಲ್ಯಾಪ್ ಇಲ್ಲದೆ ಈ ವಿಮಾನ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತಿಹಿಡಿಯುವ ಬಲ ಕಳೆದುಕೊಳ್ಳುವುದು, 48 ನಾಟ್‌ನಲ್ಲಿ. 45 ಡಿಗ್ರಿ ಓರೆ ತಿರುವಿನಲ್ಲಿ ಅದು 57ಕ್ಕೆ, 60 ಡಿಗ್ರಿಯಲ್ಲಿ 68ಕ್ಕೆ ಏರುತ್ತದೆ. ಚೆಂದದ ಮರವೊಂದನ್ನು ಕಂಡು "ಇನ್ನೊಂದು ಸುತ್ತು ಹಾಕಣ್ಣ" ಎಂದು ಹಿಂದಿನಿಂದ ಕೂಗು ಬರುತ್ತದೆ. ಆಗ ಪೈಲಟ್ ಕೂಡ ಮರ ನೋಡುತ್ತಾ ತಿರುವನ್ನು ಬಿಗಿ ಮಾಡುತ್ತಾನೆ, ಮೂಗು ಎತ್ತುತ್ತಾನೆ, ವೇಗ ಸೋರುತ್ತದೆ. ಸಣ್ಣ ವಿಮಾನಗಳು ನೋಟಕ್ಕೆಂದು ಸುತ್ತುವಾಗ ಬೀಳುವುದು ಹೀಗೆ. ಅದಕ್ಕೇ ತಿರುವು 20 ಡಿಗ್ರಿ ಮೀರುವುದಿಲ್ಲ, ಯಾವಾಗಲೂ ಗುಡ್ಡಕ್ಕೆ ಬೆನ್ನು ಹಾಕಿ ಬಯಲಿನ ಕಡೆಗೆ. ಆ ಕಡೆ ತಿರುಗಿದರೆ ಗಾಳಿಗೆ ಎದುರಾಗಿ ಸುತ್ತು ಚಿಕ್ಕದಾಗುತ್ತದೆ. ಗುಡ್ಡದ ಕಡೆ ತಿರುಗಿದರೆ ಗಾಳಿ ಹಿಂದಿನಿಂದ ತಳ್ಳಿ ಇಳಿಜಾರಿಗೆ ಹತ್ತಿರ ಒಯ್ಯುತ್ತದೆ. ಮರ ನೋಡುವ ಕೆಲಸ ಉಳಿದಿಬ್ಬರದು. ಹೋಗುವಾಗ ಗುಡ್ಡ ಬಲಕ್ಕೆ, ಮುಂದೆ ಕೂತವರ ಪಾಲು. ಬರುವಾಗ ಎಡಕ್ಕೆ, ಪೈಲಟ್ ಹಿಂದೆ ಕೂತವರ ಪಾಲು. ಜಗಳವಿಲ್ಲ.

ಅನುಮತಿ ಇದ್ದು ಕ್ಯಾಮೆರಾ ತಂದರೆ ಕೆಲವು ಮಾತು. ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ. ಲೆನ್ಸನ್ನು ಕಿಟಕಿಗೆ ಒತ್ತಬೇಡಿ, ಎಂಜಿನ್ನಿನ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಒಂದು ಬೆರಳು ಅಂತರ ಇರಲಿ. ಪೋಲರೈಸರ್ ಫಿಲ್ಟರ್ ಮನೆಯಲ್ಲೇ ಬಿಡಿ, ಕಿಟಕಿಯ ಅಕ್ರಿಲಿಕ್ ಮೂಲಕ ಅದು ಕಾಮನಬಿಲ್ಲಿನ ಪಟ್ಟೆ ತೋರಿಸುತ್ತದೆ. ಮೈಮೇಲೆ ಕಪ್ಪು ಅಂಗಿ ಇದ್ದರೆ ಗಾಜಿನಲ್ಲಿ ನಿಮ್ಮದೇ ನೆರಳು ಕಾಣುವುದಿಲ್ಲ. ಲೆನ್ಸ್ ಮುಚ್ಚಳ, ಪೆನ್ನು, ಮೊಬೈಲು ಯಾವುದೂ ಕಾಲ ಬಳಿ ಬೀಳಬಾರದು, ರಡರ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ತೆಗೆಯಲು ಆಗುವುದಿಲ್ಲ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟೇ ಕೂತವರಿಗೆ ಹತ್ತು ನಿಮಿಷದಲ್ಲಿ ಹೊಟ್ಟೆ ತೊಳಸುತ್ತದೆ. ಎರಡು ನಿಮಿಷ ಕ್ಯಾಮೆರಾ, ಎರಡು ನಿಮಿಷ ದಿಗಂತ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಬಿಸಿಬೇಳೆಬಾತೂ ಬೇಡ.

ವಾಪಸು ಬರುವಾಗ ಒಂದು ಎಚ್ಚರ. ರನ್‌ವೇ ಪೂರ್ವ-ಪಶ್ಚಿಮ, ಗಾಳಿ ಪೂರ್ವದ್ದು, ಆದ್ದರಿಂದ ಇಳಿಯುವುದು ಸೂರ್ಯನ ಕಡೆಗೇ. ಬಿಸಿಲು ಇನ್ನೂ ಓರೆಯಾಗಿರುವಾಗ ಬಂದರೆ ಗಾಜಿನ ಮೇಲಿನ ಒಂದೊಂದು ಹುಳದ ಕಲೆಯೂ ಹೊಳೆದು ರನ್‌ವೇ ಮಾಯವಾಗುತ್ತದೆ. ಹೊರಡುವ ಮೊದಲೇ ಮೆತ್ತನೆಯ ಹತ್ತಿ ಬಟ್ಟೆ ಮತ್ತು ಬರೀ ನೀರಿನಿಂದ ಗಾಜು ಒರೆಸಿರಬೇಕು. ಮನೆಯ ಕಿಟಕಿಗೆ ಬಳಸುವ ಅಮೋನಿಯ ಇರುವ ದ್ರಾವಣ ಮುಟ್ಟಿಸಿದರೆ ಅಕ್ರಿಲಿಕ್ ಸೀಳುಬಿಟ್ಟು ಮಬ್ಬಾಗುತ್ತದೆ. ಕಿಟಕಿ ಮಬ್ಬಾದ ವಿಮಾನದಲ್ಲಿ ಸಾಗಡೆ ಚಿಗುರಿದರೇನು, ಬಿಟ್ಟರೇನು.