ಬಿಎಸ್ಸಿಯಲ್ಲಿ ಫಿಸಿಕ್ಸ್ ತಗೊಂಡಿದ್ದೀರಾ? ಹೀಗೆ ಓದಿ

ಬಂಗಾರಪೇಟೆ, ಮುಳಬಾಗಿಲು, ಮಾಲೂರು ಕಡೆಯಿಂದ ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಬಂದು ಡಿಗ್ರಿ ಓದುವ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ನನ್ನ ಮೊದಲ ಸೆಮಿಸ್ಟರ್ ನೆನಪಾಗುತ್ತದೆ. ಡೆರಿವೇಷನ್‌ಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ವೈವಾದಲ್ಲಿ ಮೇಷ್ಟ್ರು ಲೋಲಕದ ಡೆರಿವೇಷನ್ ತೋರಿಸಿ, 'ಇಲ್ಲಿ ಸೈನ್ ತೀಟಾ ಇತ್ತಲ್ಲಪ್ಪ, ಮುಂದಿನ ಸಾಲಿನಲ್ಲಿ ಬರೀ ತೀಟಾ ಆಯ್ತು, ಯಾಕೆ?' ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಣಿತ. ಕಾಲೇಜು ಶುರುವಾದ ಮೊದಲ ತಿಂಗಳೇ ಪಿಯುಸಿ ಪುಸ್ತಕ ತೆಗೆದು ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ವೆಕ್ಟರ್ ಇಷ್ಟನ್ನು ಮತ್ತೆ ಮಾಡಿ. ಫಿಸಿಕ್ಸ್ ಕಷ್ಟ ಅನ್ನುವವರಲ್ಲಿ ತುಂಬಾ ಜನಕ್ಕೆ ಕೈಕೊಟ್ಟಿರುವುದು ಗಣಿತ.

ಆಮೇಲೆ ಡೆರಿವೇಷನ್. ಒಂದು ಸಲ ಓದಿ, ಪುಸ್ತಕ ಮುಚ್ಚಿ, ಬಿಳಿ ಹಾಳೆಯಲ್ಲಿ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿ ನಿಮಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ, ಅಲ್ಲಿಗೆ ಮಾತ್ರ ವಾಪಸ್ ಹೋಗಿ. ಪ್ರತಿ ಸಾಲಿಗೂ 'ಯಾಕೆ' ಅಂತ ಕೇಳಿಕೊಳ್ಳಿ. ನನ್ನನ್ನು ಕಟ್ಟಿಹಾಕಿದ ಆ ಸಾಲನ್ನೇ ನೋಡಿ: 10 ಡಿಗ್ರಿ ಕೋನವನ್ನು ರೇಡಿಯನ್‌ಗೆ ಬದಲಿಸಿದರೆ 0.1745, ಅದರ ಸೈನ್ 0.1736. ಎರಡೂ ಹೆಚ್ಚುಕಡಿಮೆ ಒಂದೇ, ಅಲ್ವಾ? ಕೋನ ಚಿಕ್ಕದಾಗಿದ್ದಾಗ ಮಾತ್ರ ಈ ಬದಲಾವಣೆ ನಡೆಯುತ್ತದೆ. ಐದು ನಿಮಿಷ ಕ್ಯಾಲ್ಕ್ಯುಲೇಟರ್ ಹಿಡಿದಿದ್ದರೆ ನನಗೂ ಅವತ್ತೇ ತಿಳಿಯುತ್ತಿತ್ತು.

ಲ್ಯಾಬನ್ನು ರೆಕಾರ್ಡ್ ತುಂಬಿಸುವ ಕೆಲಸ ಅಂದುಕೊಳ್ಳಬೇಡಿ, ದಯವಿಟ್ಟು. ಪಕ್ಕದವರ ರೀಡಿಂಗ್ ನೋಡಿ ಬರೆದರೆ ಅವತ್ತಿನ ಪಾಠ ಪೂರ್ತಿ ಹೋಯಿತು. ಬೇಕಾದರೆ ಮನೆಯಲ್ಲೇ ಶುರು ಮಾಡಿ. ಒಂದು ಬೀಗಕ್ಕೆ ದಾರ ಕಟ್ಟಿ ಕಿಟಕಿ ಸರಳಿಗೆ ನೇತುಹಾಕಿ, ಸರಳಿನಿಂದ ಬೀಗದ ನಡುವಿನವರೆಗೆ ಒಂದು ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಡಿ. ಒಂದು ಸಲ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವಾಗ ಕೈ 0.2 ಸೆಕೆಂಡ್ ತಡವಾಯಿತು ಅನ್ನಿ, ಒಂದೇ ಆಂದೋಲನ ಅಳೆದರೆ ಅದು ನೂರಕ್ಕೆ 10ರಷ್ಟು ತಪ್ಪು, ಗುರುತ್ವ ವೇಗೋತ್ಕರ್ಷ 'ಜಿ' ಕಂಡುಹಿಡಿಯುವ ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಅದರ ಬೆಲೆಯಲ್ಲಿ ಸುಮಾರು 20ರಷ್ಟು ತಪ್ಪು. ಅದೇ 20 ಆಂದೋಲನ ಎಣಿಸಿ ಭಾಗಿಸಿದರೆ 'ಜಿ' ತಪ್ಪು ನೂರಕ್ಕೆ 1ಕ್ಕೆ ಇಳಿಯುತ್ತದೆ. ಲ್ಯಾಬಿನಲ್ಲಿ 20 ಎಣಿಸಿ ಅನ್ನುವುದು ಸುಮ್ನೆ ಅಲ್ಲ.

ತಪ್ಪನ್ನು ದೂರ ಇಡಲು ಜನ ಎಲ್ಲಿವರೆಗೆ ಹೋಗಿದ್ದಾರೆ ಅನ್ನುವುದಕ್ಕೆ ನಮ್ಮ ಕೆಜಿಎಫ್ ಸಾಕು. ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ನವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಉಪಕರಣ ಇಟ್ಟರು. ಮೇಲಿಂದ ಬರುವ ಬೇರೆ ಕಣಗಳನ್ನೆಲ್ಲ ಬಂಡೆಯೇ ತಡೆಯಲಿ ಅಂತ ಅಷ್ಟು ಕೆಳಗೆ ಇಳಿದದ್ದು. ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ದಾಟಿ ಬರುವ ನ್ಯೂಟ್ರಿನೋ ಅನ್ನುವ ಸೂಕ್ಷ್ಮ ಕಣಗಳ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ನಮ್ಮ ಜಿಲ್ಲೆಯ ನೆಲದಡಿ ನಡೆದ ಕೆಲಸ ಇದು, ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಹೆದರಬೇಡಿ. ಒಂದು ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿ, ಸಂವೇಗದ ಎದುರು ಮೊಮೆಂಟಮ್, ವೇಗೋತ್ಕರ್ಷದ ಎದುರು ಆಕ್ಸಲರೇಷನ್, ಹೀಗೆ ಬರೆಯುತ್ತಾ ಹೋಗಿ. ವಿಷಯ ನಿಮಗೆ ಆಗಲೇ ಗೊತ್ತು, ಹೆಸರು ಮಾತ್ರ ಹೊಸದು.

ಲೆಕ್ಕಗಳನ್ನು ಪರೀಕ್ಷೆ ಹತ್ತಿರ ಬಂದಾಗ ಅಲ್ಲ, ದಿನಾ ಎರಡು ಮಾಡಿ. ಉತ್ತರ ಬಂದ ಮೇಲೆ ಯೂನಿಟ್ ಸರಿಯಿದೆಯಾ ನೋಡಿ.

ಎಂಎಸ್ಸಿಗೆ ಐಐಟಿಗಳಿಗೆ ಹೋಗುವ ಆಸೆ ಇದ್ದರೆ ಜ್ಯಾಮ್ ಪರೀಕ್ಷೆ ಇದೆ, ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ ಮೆಕ್ಯಾನಿಕ್ಸ್, ವಿದ್ಯುತ್, ಕಾಂತತ್ವದಂಥ ಶುರುವಿನ ಪಾಠಗಳೂ ಬರುತ್ತವೆ. ಅದಕ್ಕೇ ಮೊದಲ ಸೆಮಿಸ್ಟರಿನ ನೋಟ್ಸನ್ನು ರದ್ದಿಗೆ ಹಾಕಬೇಡಿ.